ಎಡಕ್ಕೆ ಎಳೆಯುತ್ತಿದ್ದ ಪದ್ಮಿನಿ

ತೊಂಬತ್ತರ ದಶಕದಲ್ಲಿ ತೊಂಡೇಬಾವಿಯ ನಮ್ಮ ಮನೆ ಮುಂದೆ ಒಂದು ಪ್ರೀಮಿಯರ್ ಪದ್ಮಿನಿ ನಿಲ್ಲುತ್ತಿತ್ತು. ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಬಾಡಿಗೆಗೆ ಬಿಟ್ಟಿದ್ದ ಕಾರು. ಮದುವೆ, ಹೆರಿಗೆ, ಘಾಟಿ ಸುಬ್ರಹ್ಮಣ್ಯ, ವಿದುರಾಶ್ವತ್ಥ, ಬೆಂಗಳೂರಿನ ಆಸ್ಪತ್ರೆ, ಹೀಗೆ ಯಾರಿಗೆ ಯಾವಾಗ ಬೇಕಾದರೂ ಹೊರಡಬೇಕು. ಓಡಿಸಲು ಊರಿನವರೇ ಒಬ್ಬ ಡ್ರೈವರ್ ಅಣ್ಣ ಇದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಈ ಬರಹ ಅವರಿಗೆ ಸಲ್ಲಬೇಕಾದ ಒಂದು ಹಳೆಯ ಬಾಕಿ.

ಆ ಕಾರಿಗೆ ಒಂದು ಚಾಳಿ ಅಂಟಿಕೊಂಡಿತು. ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಎಡಕ್ಕೆ ಜಾರುತ್ತಿತ್ತು. ಜತೆಗೆ ಮುಂದಿನ ಟೈರ್ ಒಳಗಡೆಯಿಂದ ಸವೆಯುತ್ತಿತ್ತು. ನಮ್ಮ ಕಡೆ ಅದಕ್ಕೆ 'ಟೈರ್ ತಿಂತೈತೆ' ಅನ್ನುತ್ತಾರೆ. ಹೊಸ ಟೈರ್ ಹಾಕಿಸಿದರೆ ಅದನ್ನೂ ತಿಂದಿತು. ಬಾಡಿಗೆ ಕಾರಿನಲ್ಲಿ ಟೈರ್ ಎಂದರೆ ತಿಂಗಳ ಸಂಪಾದನೆ.

"ಅಣ್ಣಾ, ಗಾಡಿ ಎಡಕ್ಕೆ ಎಳೀತೈತೆ. ಒಂದ್ಸಲ ಬಲಗಡೆ ಚಕ್ರ ಎತ್ತಿಸಿ ನೋಡ್ಸಣ್ಣ" ಎಂದು ಡ್ರೈವರ್ ಅಣ್ಣ ಹೇಳಿದ್ದು ನನಗೆ ನೆನಪಿದೆ. "ಎಡಕ್ಕೆ ಎಳೆದ್ರೆ ಬಲಗಡೆ ಯಾಕೋ ನೋಡ್ಬೇಕು? ಗುಂಡಿ ನೋಡ್ಕೊಂಡು ಓಡಿಸು" ಎಂದು ಅಪ್ಪ ರೇಗಿದ್ದೂ ನೆನಪಿದೆ. ಎರಡನೇ ಟೈರಿನ ದುಡ್ಡಿನಲ್ಲಿ ಅರ್ಧವನ್ನು ಅಪ್ಪ ಅವರ ಸಂಬಳದಲ್ಲಿ ಹಿಡಿದರು. ಪಟ್ಟಣದ ಒಂದು ಅಂಗಡಿಯಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಮೂರು ಸಲವೂ ವಾರದೊಳಗೆ ಕಾರು ಮತ್ತೆ ಎಡಕ್ಕೇ ಎಳೆಯಿತು.

ತಪ್ಪು ಯಾರದು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಅದಕ್ಕೆ ಮುಂದಿನ ಚಕ್ರದ ಚರಿತ್ರೆಯನ್ನೇ ಓದಬೇಕಾಯಿತು. ಆ ಚರಿತ್ರೆ ಎತ್ತಿನ ಗಾಡಿಯಿಂದ ಶುರುವಾಗುತ್ತದೆ.

ಗಾಡಿಯ ಗಾಲಿ ಅಚ್ಚಿನ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಸಡಿಲವಾಗಿ ಕೂತಿರುತ್ತದೆ, ಕಳಚಿ ಬೀಳದ ಹಾಗೆ ಕಡಾಣಿ ಹಾಕಿರುತ್ತಾರೆ. ಕೀಲೆಣ್ಣೆ ಒಣಗಿದ ಹಾಗೆಲ್ಲ ಒಳಗೆ ಸವೆದು ಗಾಲಿ ಅತ್ತಿತ್ತ ತೊನೆಯುತ್ತದೆ. ಎತ್ತು ನಡೆಯುವ ವೇಗಕ್ಕೆ ಅದು ದೊಡ್ಡ ತೊಂದರೆಯಲ್ಲ. ಎರಡೇ ಚಕ್ರ, ಎರಡೂ ತಮ್ಮ ಪಾಡಿಗೆ ತಿರುಗುತ್ತವೆ. ಗಾಡಿ ತಿರುಗಿಸಬೇಕಾದರೆ ಎತ್ತು ತಿರುಗಿದರಾಯಿತು. ಆದರೆ ಆ ಸಡಿಲಿನ ಬೆಲೆಯನ್ನು ಯಾರೋ ತೆರಲೇಬೇಕಲ್ಲ? ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಿಸಬೇಕೆಂದು ಜೀವನವಿಡೀ ಹೋರಾಡಿದವರು. ಒರಟು ಅಚ್ಚು, ಕಬ್ಬಿಣದ ಪಟ್ಟಿಯ ಗಾಲಿ ಇರುವ ಗಾಡಿಯಲ್ಲಿ ಎತ್ತಿನ ಶಕ್ತಿ ಪೋಲಾಗುತ್ತದೆ, ರಸ್ತೆಯೂ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು. ಅಂದರೆ ಗಾಡಿಯ ದೋಷಕ್ಕೆ ಪೆಟ್ಟು ತಿನ್ನುತ್ತಿದ್ದದ್ದು ಎತ್ತು. ಬಾರುಕೋಲಿನ ಏಟು ಬೀಳುತ್ತಿದ್ದದ್ದೂ ಅದಕ್ಕೇ.

ನಾಲ್ಕು ಚಕ್ರ ಬಂದಾಗ ಹೊಸ ತೊಡಕು ಹುಟ್ಟಿತು. ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುವುದನ್ನು ನೋಡಿದ್ದೀರಾ? ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಚಿಕ್ಕ ಸುತ್ತು ಹಾಕುತ್ತದೆ, ಹೊರಗಿನ ಎತ್ತು ದೊಡ್ಡ ಸುತ್ತು ಓಡಬೇಕು. ನಾಲ್ಕು ಚಕ್ರದ ಬಂಡಿ ತಿರುಗುವಾಗಲೂ ಹಾಗೆಯೇ. ಒಳಗಿನ ಚಕ್ರ ಹೆಚ್ಚು ತಿರುಗಬೇಕು, ಹೊರಗಿನದು ಕಡಿಮೆ. ಎರಡೂ ಒಂದೇ ಅಳತೆಗೆ ತಿರುಗಿದರೆ ಒಂದು ಚಕ್ರ ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ. ಹಳೆಯ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಕೀಲಿನ ಮೇಲೆ ತಿರುಗುತ್ತಿತ್ತು. ಜೋರು ತಿರುವಿನಲ್ಲಿ ಸಾರೋಟು ಮಗುಚುವ ಭಯ. ಇದಕ್ಕೆ ಪರಿಹಾರ ಕಂಡವನು ಮ್ಯೂನಿಕ್ಕಿನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್. ಅಚ್ಚನ್ನು ಹಾಗೇ ಬಿಟ್ಟು, ಎರಡು ತುದಿಯ ಚಕ್ರಗಳು ಮಾತ್ರ ತಮ್ಮ ತಮ್ಮ ಕೀಲಿನ ಮೇಲೆ ತಿರುಗುವಂತೆ ಮಾಡಿದ. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಇಂದಿಗೂ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಆ ವಿಧಾನಕ್ಕೆ ಇರುವುದು ಆಕರ್‌ಮನ್ ಹೆಸರೇ. ಕೆಲಸ ಮಾಡಿದವನ ಹೆಸರು ಹಿಂದಕ್ಕೆ ಸರಿದು ಕಾಗದ ಮಾಡಿಸಿದವನ ಹೆಸರು ಉಳಿಯುವುದು ಹೊಸದೇನಲ್ಲ.

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೊದಲ ಮೋಟಾರು ಗಾಡಿಗೆ ಮೂರೇ ಚಕ್ರ. ಎರಡು ಮುಂದಿನ ಚಕ್ರಗಳನ್ನು ಹೇಗೆ ಸರಿಯಾಗಿ ತಿರುಗಿಸುವುದೆಂದು ಆಗ ಆತನಿಗೆ ಹೊಳೆದಿರಲಿಲ್ಲ. 1893ರಲ್ಲಿ ಸ್ಟೇರಿಂಗಿಗೆ ಬೇರೆ ಪೇಟೆಂಟ್ ಪಡೆದ ಮೇಲೆಯೇ ಅವನ ನಾಲ್ಕು ಚಕ್ರದ ಕಾರು ಹೊರಟಿತು. ಕಾರು ಓಡುವಂತೆ ಮಾಡುವ ಎಂಜಿನ್ ಮೊದಲು ಸಿದ್ಧವಾಯಿತು, ನೆಟ್ಟಗೆ ಹೋಗುವಂತೆ ಮಾಡುವ ಉಪಾಯ ಏಳು ವರ್ಷ ತಡವಾಗಿ ಬಂತು.

ನೆಟ್ಟಗೆ ಹೋಗುವುದು ಎಂದೆನಲ್ಲ, ಅದರ ಗುಟ್ಟು ವಿಚಿತ್ರವಾಗಿದೆ. ಮುಂದಿನ ಚಕ್ರಗಳನ್ನು ನೆಟ್ಟಗೆ ಇಟ್ಟರೆ ಹಳೆಯ ಕಾರು ನೆಟ್ಟಗೆ ಹೋಗುವುದಿಲ್ಲ. ಪದ್ಮಿನಿಯಂಥ ಕಾರಿನಲ್ಲಿ ತಳ್ಳುವುದು ಹಿಂದಿನ ಚಕ್ರ. ಮುಂದಿನ ಚಕ್ರಗಳನ್ನು ರಸ್ತೆ ಹಿಂದಕ್ಕೆ ಒತ್ತುತ್ತದೆ. ಟೈ ರಾಡ್, ಬುಷ್, ಕೀಲುಗಳಲ್ಲಿ ಇರುವ ಸಣ್ಣ ಸಡಿಲೆಲ್ಲ ಆಗ ಒಂದೇ ಕಡೆಗೆ ಸರಿದು, ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೇ ನಿಂತಾಗ ಅವುಗಳ ಮುಂಭಾಗವನ್ನು ಎರಡು ಮೂರು ಮಿಲಿಮೀಟರ್ ಒಳಕ್ಕೆ ಮುಚ್ಚಿ ಇಡುತ್ತಾರೆ. ಇದೇ ಟೋ ಇನ್. ಓಡುವಾಗ ನೆಟ್ಟಗಾಗಲಿ ಎಂದು ನಿಂತಾಗ ಸೊಟ್ಟ ಇಡುವುದು. ಎರಡನೆಯದು ಕ್ಯಾಂಬರ್. ಎದುರಿಗೆ ನಿಂತು ನೋಡಿದರೆ ಚಕ್ರದ ತಲೆ ಕೊಂಚ ಹೊರಕ್ಕೋ ಒಳಕ್ಕೋ ವಾಲಿರುವುದು. ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಹಾಗೆ ಕಾರಿನಲ್ಲೂ ಚಕ್ರ ತಿರುಗುವ ಕೀಲು ಹಿಂದಕ್ಕೆ ಓರೆಯಾಗಿರುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುವುದು ಮುಖ್ಯವಾಗಿ ಅದರಿಂದ.

ಎರಡು ಮೂರು ಮಿಲಿಮೀಟರಿಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಲೆಕ್ಕ ಹಾಕೋಣ. ಚಕ್ರದ ಎತ್ತರ ಸುಮಾರು 60 ಸೆಂಟಿಮೀಟರ್. ಆ ಉದ್ದಕ್ಕೆ ಒಂದೊಂದು ಚಕ್ರವೂ 3 ಮಿಲಿಮೀಟರ್ ತಪ್ಪಿ ನಿಂತಿದೆ ಎಂದುಕೊಳ್ಳಿ. ಅಂದರೆ 200ಕ್ಕೆ ಒಂದು ಪಾಲು. ಒಂದು ಕಿಲೋಮೀಟರ್ ಓಡಿದರೆ ಆ ಟೈರ್ 5 ಮೀಟರ್ ಅಡ್ಡಡ್ಡ ಉಜ್ಜಿಕೊಂಡ ಹಾಗೆ. ತೊಂಡೇಬಾವಿಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್ ಎಂದು ಹಿಡಿದರೂ ಹೋಗುವಾಗ 300 ಮೀಟರ್, ಬರುವಾಗ 300 ಮೀಟರ್. ರಬ್ಬರನ್ನು ಡಾಂಬರಿನ ಮೇಲೆ ಅಷ್ಟು ದೂರ ಎಳೆದರೆ ಏನಾಗುತ್ತದೆ, ನೀವೇ ಹೇಳಿ.

ಇನ್ನು ಈ ಕಾರು ನಮ್ಮೂರಿಗೆ ಬಂದ ಕತೆ. ಅದರಲ್ಲಿ ನಮ್ಮ ಜಿಲ್ಲೆಯವರದೇ ಒಂದು ಪಾತ್ರವಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿ ಕಟ್ಟೆಗೆ ನೆನೆಯುತ್ತೇವೆ. ಅವರು 1930ರ ದಶಕದ ಮಧ್ಯದಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಬರೆದಿದ್ದರು. ಮುಂಬೈಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜತೆಗಿದ್ದರು. ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆ ತರಬೇಕೆಂಬ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕಾರ್ಖಾನೆ ಮುಂಬೈಯ ಕುರ್ಲಾದಲ್ಲಿ ನಿಂತಿತು. ಬೆಂಗಳೂರಿಗೆ ಬರಬಹುದಾಗಿದ್ದ ಕಾರ್ಖಾನೆಯ ಕಾರು ಅರ್ಧ ಶತಮಾನದ ಮೇಲೆ ನಮ್ಮ ಮನೆ ಮುಂದೆ ಬಂದು ನಿಂತಿತು.

ಆ ಕಾರು ಹೊಸದೇನಲ್ಲ. ಇಟಲಿಯಲ್ಲಿ 1953ರಲ್ಲಿ ಹೊರಬಂದ ಫಿಯೆಟ್ 1100ರ ವಂಶ ಅದು. ಇಲ್ಲಿ 1964ರಲ್ಲಿ ಡಿಲೈಟ್ ಎಂದಾಯಿತು, 70ರ ದಶಕದಲ್ಲಿ ಪ್ರೆಸಿಡೆಂಟ್, ಆಮೇಲೆ ಪದ್ಮಿನಿ. ಅತ್ತ ಅಂಬಾಸಿಡರ್ ಕೂಡ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಲೈಸೆನ್ಸ್ ಕಾಲದಲ್ಲಿ ಹೊಸ ಮಾದರಿಗೆ ಅನುಮತಿ ಸಿಗುವುದು ಕಷ್ಟ, ಬುಕ್ ಮಾಡಿದವರು ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಅವರ ದೇಶದಲ್ಲಿ ಮರೆತು ಹೋದ ಕಾರುಗಳು ನಮ್ಮಲ್ಲಿ ನಲವತ್ತು ಐವತ್ತು ವರ್ಷ ತಯಾರಾದವು. ಒಂದೊಂದು ಕಾರೂ ಮೂರು ನಾಲ್ಕು ಯಜಮಾನರ ಕೈ ದಾಟಿ ಹಳ್ಳಿಗೆ ಬರುತ್ತಿತ್ತು. ಬರುವ ಹೊತ್ತಿಗೆ ಅದರ ಕೀಲುಗಳು ಎತ್ತಿನ ಗಾಡಿಯ ಗಾಲಿಯ ಹಾಗೆ ಸವೆದಿರುತ್ತಿದ್ದವು. ವ್ಯತ್ಯಾಸ ಇಷ್ಟೇ, ಗಾಡಿ ನಡೆಯುತ್ತದೆ, ಕಾರು ಗಂಟೆಗೆ 60 ಕಿಲೋಮೀಟರ್ ಓಡುತ್ತದೆ.

ಈ ಕಾರುಗಳನ್ನು ರಸ್ತೆಯ ಮೇಲೆ ನೆಟ್ಟಗೆ ಇಟ್ಟವರು ಮರದ ಕೆಳಗಿನ ಮೇಸ್ತ್ರಿಗಳು. ಅವರ ಹತ್ತಿರ ಯಂತ್ರವಿರಲಿಲ್ಲ. ಸೀಮೆಸುಣ್ಣ, ಮೊಳೆ, ಒಂದು ಉದ್ದನೆಯ ಗಳ ಇದ್ದರೆ ಸಾಕು. ಮುಂದಿನ ಚಕ್ರಗಳನ್ನು ಜಾಕ್ ಹಾಕಿ ಎತ್ತಿ, ಟೈರಿಗೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸುತ್ತಾ ಮೊಳೆ ಹಿಡಿದರೆ ಸುತ್ತಲೂ ಒಂದು ಗೀರು ಬೀಳುತ್ತದೆ. ಕಾರು ಇಳಿಸಿ ಸ್ವಲ್ಪ ತಳ್ಳಿ ನೆಲಕ್ಕೆ ಕೂರಿಸಬೇಕು. ಎರಡೂ ಗೀರುಗಳ ನಡುವಿನ ದೂರವನ್ನು ಮುಂದುಗಡೆ, ಅಚ್ಚಿನ ಎತ್ತರಕ್ಕೆ, ಗಳದಲ್ಲಿ ಅಳೆದು ಗುರುತು ಹಾಕಬೇಕು. ಆಮೇಲೆ ಚಕ್ರ ಅರ್ಧ ಸುತ್ತು ತಿರುಗುವಷ್ಟು ಕಾರನ್ನು ಮುಂದಕ್ಕೆ ತಳ್ಳಿ, ಅದೇ ಜಾಗ ಹಿಂದಕ್ಕೆ ಬಂದಾಗ ಮತ್ತೆ ಅಳೆಯಬೇಕು. ರಿಮ್ ಬಾಗಿದ್ದರೂ ಲೆಕ್ಕ ತಪ್ಪದಿರಲಿ ಎಂದು ಈ ಅರ್ಧ ಸುತ್ತಿನ ಉಪಾಯ. ಎರಡು ಅಳತೆಗಳ ವ್ಯತ್ಯಾಸವೇ ಟೋ. ಟೈ ರಾಡಿನ ನಟ್ಟು ಸಡಿಲಿಸಿ ರಾಡನ್ನು ತಿರುಗಿಸಿದರೆ ಹೆಚ್ಚು ಕಡಿಮೆ ಮಾಡಬಹುದು.

ಅದಕ್ಕಿಂತ ಮೊದಲು ಒಳ್ಳೆಯ ಮೇಸ್ತ್ರಿ ಟೈರ್ ಮುಟ್ಟುತ್ತಾನೆ. ನಾವು ಪತ್ರಿಕೋದ್ಯಮ ಓದುವಾಗ ದಾಖಲೆ ಓದುವುದನ್ನು ಕಲಿಸಿದರಲ್ಲ, ಟೈರೂ ಒಂದು ದಾಖಲೆ. ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಹಾಗೆ ಸವರುವಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ ಇನ್ ಹೆಚ್ಚಾಗಿದೆ. ಅದರ ತಿರುವುಮುರುವಾದರೆ ಚಕ್ರ ಹೊರಕ್ಕೆ ತೆರೆದಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಹಲ್ಲಿಲ್ಲದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಚಕ್ರ ಆ ಕಡೆಗೆ ವಾಲಿದೆ, ಕ್ಯಾಂಬರ್ ನೋಡಬೇಕು. ಟೈರ್ ಸುಳ್ಳು ಹೇಳುವುದಿಲ್ಲ. ಕೇಳುವವರು ಬೇಕು.

ನಮ್ಮ ಪದ್ಮಿನಿಯನ್ನು ಕೊನೆಗೆ ನೋಡಿದ್ದು ಗೌರಿಬಿದನೂರಿನ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ಆ ಹೊತ್ತಿಗೆ ಡ್ರೈವರ್ ಅಣ್ಣ ಕೆಲಸ ಬಿಟ್ಟಿದ್ದರು. ಅಪ್ಪನ ಜತೆ ನಾನೂ ಹೋಗಿದ್ದೆ. ಮೇಸ್ತ್ರಿ ಅಳತೆಗೋಲನ್ನು ಮುಟ್ಟಲೇ ಇಲ್ಲ. ಎರಡೂ ಮುಂದಿನ ಟೈರ್ ಸವರಿ ನೋಡಿ, ನೇರವಾಗಿ ಬಲಗಡೆ ಜಾಕ್ ಹಾಕಿದರು. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಕಟಕ್ ಕಟಕ್ ಎಂದಿತು. ಅಪ್ಪನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿದರು. ಆಗಲೂ ಕಟಕ್. ಬ್ರೇಕ್ ತುಳಿದಾಗ ಸದ್ದು ನಿಂತರೆ ಹಬ್ಬಿನ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್ ಬುಷ್ ಹೋಗಿದೆ ಎಂದು ಅವರೇ ವಿವರಿಸಿದರು. ಕಿಂಗ್ ಪಿನ್ ಅಂದರೆ ಚಕ್ರ ಎಡಕ್ಕೂ ಬಲಕ್ಕೂ ತಿರುಗುವ ಕೀಲು. ಅದರ ಬುಷ್ ಸವೆದರೆ ಕಾರಿನ ಭಾರಕ್ಕೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ.

"ಎಡಕ್ಕೆ ಎಳೀತಿತ್ತಲ್ಲ, ಬಲಗಡೆ ಹೇಗೆ ಕೆಟ್ಟಿತು?" ಎಂದು ಅಪ್ಪ ಕೇಳಿದರು. ಮೇಸ್ತ್ರಿ ಜೇಬಿನಿಂದ ಒಂದು ರೂಪಾಯಿ ತೆಗೆದು ಸಿಮೆಂಟು ನೆಲದ ಮೇಲೆ ಉರುಳಿಸಿದರು. ನಾಣ್ಯ ವಾಲಿದ ಕಡೆಗೇ ತಿರುಗಿ ಹೋಯಿತು. "ನೋಡಿ ಯಜಮಾನ್ರೇ. ಬಲಗಡೆ ಚಕ್ರದ ತಲೆ ಒಳಕ್ಕೆ ವಾಲೈತೆ. ಒಳಕ್ಕೆ ಅಂದ್ರೆ ಎಡಕ್ಕೆ ತಾನೆ? ಗಾಡೀನ ಎಡಕ್ಕೆ ಒಯ್ತೈತೆ. ರಸ್ತೇನೂ ಎಡಕ್ಕೆ ಇಳಿಜಾರು. ಎರಡೂ ಸೇರ್ಕೊಂಡವೆ."

ಅಪ್ಪ ಆಮೇಲೆ ಮಾತಾಡಲಿಲ್ಲ. ಮಾರನೆಯ ದಿನ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಕಿಂಗ್ ಪಿನ್ ಸೆಟ್ ತಂದರು. ಹಳೆಯ ಬುಷ್ ತೆಗೆದು, ಹೊಸದನ್ನು ಒತ್ತಿ ಕೂರಿಸಿ, ಪಿನ್ನಿಗೆ ಸರಿಹೊಂದುವಂತೆ ರೀಮರ್ ಹೊಡೆಸಿ, ಗ್ರೀಸ್ ತುಂಬಿಸಿದ ಮೇಲೆಯೇ ಮೇಸ್ತ್ರಿ ಗಳ ಹಿಡಿದು ಟೋ ನೋಡಿದ್ದು. ಮೊದಲು ಸಡಿಲು, ಆಮೇಲೆ ಅಳತೆ. ಪಟ್ಟಣದ ಅಂಗಡಿಯಲ್ಲಿ ಮೂರು ಸಲವೂ ಸಡಿಲನ್ನು ಬಿಟ್ಟು ಅಳತೆಯನ್ನಷ್ಟೇ ಸರಿ ಮಾಡಿದ್ದರು. ಅಲ್ಲಾಡುವ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದ ಹಾಗೆ.

ಗ್ರೀಸಿನ ಮಾತು ಬಂತಲ್ಲ, ಇಡೀ ಕತೆಯ ಬೇರು ಅಲ್ಲಿದೆ. ಪದ್ಮಿನಿಯ ಕಿಂಗ್ ಪಿನ್ನಿಗೂ, ಅಂಬಾಸಿಡರಿನ ಮುಂದಿನ ಕೀಲುಗಳಿಗೂ ಗ್ರೀಸ್ ನಿಪ್ಪಲ್ ಇರುತ್ತಿದ್ದವು. ಅವಕ್ಕೆ ಕಾಲಕಾಲಕ್ಕೆ ಗ್ರೀಸ್ ಗನ್ ಹಿಡಿಯಲೇಬೇಕು. ಹಿಡಿಯದಿದ್ದರೆ ಗಾಡಿಗೆ ಕೀಲೆಣ್ಣೆ ಹಾಕದ ಹಾಗೆಯೇ. ಬಾಡಿಗೆ ಕಾರಿಗೆ ಒಂದು ದಿನ ಬಿಡುವು ಕೊಡುವುದೆಂದರೆ ಒಂದು ದಿನದ ಬಾಡಿಗೆ ಹೋದ ಹಾಗೆ. ಆ ಬಿಡುವು ಕೊಡಬೇಕಾದವರು ಯಜಮಾನರು. ಗ್ರೀಸ್ ಉಳಿಸಿದ ಲೆಕ್ಕ ಕೊನೆಗೆ ಡ್ರೈವರಿನ ಸಂಬಳಕ್ಕೆ ಬಂದು ನಿಂತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಕ್ರಮೇಣ ಅದು ಹಳ್ಳಿಗಳಿಗೂ ಇಳಿಯಿತು. ಅದರಲ್ಲಿ ಕಿಂಗ್ ಪಿನ್ ಇಲ್ಲ. ಎಳೆಯುವುದು ಮುಂದಿನ ಚಕ್ರಗಳೇ. ಎಂಜಿನ್ ಎಳೆತಕ್ಕೆ ಅವುಗಳ ಮುಂಭಾಗ ಹೊರಕ್ಕೆ ತೆರೆಯುವ ಬದಲು ಒಳಕ್ಕೆ ಮುಚ್ಚಲು ನೋಡುತ್ತದೆ. ಆದ್ದರಿಂದ ಪದ್ಮಿನಿಯ ಅಭ್ಯಾಸಬಲದಿಂದ ಟೋ ಇನ್ ಇಟ್ಟರೆ ಟೈರ್ ಹೋಯಿತು. ಅದಕ್ಕೆ ಹೆಚ್ಚುಕಡಿಮೆ ಸೊನ್ನೆಯೇ ಸರಿ. ರೇಡಿಯಲ್ ಟೈರುಗಳೂ ಬಂದ ಮೇಲೆ ಹಳೆಯ ಅಳತೆಗಳೆಲ್ಲ ಬದಲಾದವು. ಆಮೇಲೆ ಕಂಪ್ಯೂಟರ್ ಅಲೈನ್‌ಮೆಂಟ್ ಬಂತು. ಚಕ್ರಗಳಿಗೆ ತಟ್ಟೆ ಕಟ್ಟಿ, ಕ್ಯಾಮೆರಾ ನೋಡಿ, ಪರದೆಯ ಮೇಲೆ ಹಸಿರು ಕೆಂಪು ಅಂಕಿ ತೋರಿಸುತ್ತದೆ. ಗಳಕ್ಕಿಂತ ಅದು ಎಷ್ಟೋ ನಿಖರ, ಅದರಲ್ಲಿ ಅನುಮಾನವಿಲ್ಲ. ಗಳ ಟೋ ಒಂದನ್ನೇ ಅಳೆಯುತ್ತಿತ್ತು, ಇದು ಮೂರನ್ನೂ, ಜತೆಗೆ ಹಿಂದಿನ ಚಕ್ರವನ್ನೂ ಅಳೆಯುತ್ತದೆ. ಆದರೆ ಯಂತ್ರ ನೋಡುವುದು ನಿಂತ ಕಾರಿನ ಕೋನವನ್ನು. ಕೀಲಿನ ಸಡಿಲನ್ನು ಈಗಲೂ ಕೈಯಿಂದ ಅಲ್ಲಾಡಿಸಿಯೇ ನೋಡಬೇಕು. ಅಂಕಿ ಹಸಿರಾದ ಮೇಲೂ ಕಾರು ಎಳೆಯುತ್ತಿದ್ದರೆ ಜಾಕ್ ಹಾಕಿಸಿ, ಅಲ್ಲಾಡಿಸಿ ನೋಡಿ ಎಂದು ಕೇಳಲು ನಾಚಿಕೆ ಪಡಬೇಡಿ.

ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ನಿಂತಿತು, ಅಂಬಾಸಿಡರಿನದು 2014ರಲ್ಲಿ. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ ರಸ್ತೆಯಿಂದ ಇಳಿದಾಗ ಪತ್ರಿಕೆಗಳೆಲ್ಲ ಬರೆದವು. ಅದನ್ನು ಓದಿಯೇ ನಾನು ಡ್ರೈವರ್ ಅಣ್ಣನಿಗೆ ಫೋನ್ ಮಾಡಿದ್ದು. ನಮ್ಮ ಕಾರನ್ನು ಅಪ್ಪ ಗುಜರಿಗೆ ಹಾಕಿ ಆಗಲೇ ಎಷ್ಟೋ ವರ್ಷವಾಗಿತ್ತು. ಅಣ್ಣ ನಮ್ಮಲ್ಲಿಂದ ಹೋಗಿ ಲಾರಿ ಓಡಿಸಿ, ಈಗ ಮಗನ ಮನೆಯಲ್ಲಿದ್ದಾರೆ. ಬುಷ್ ಹೋಗಿದ್ದ ವಿಷಯ ಅವರಿಗೆ ಯಾರೂ ಹೇಳಿರಲೇ ಇಲ್ಲ. ಹಿಡಿದ ದುಡ್ಡನ್ನು ಅಪ್ಪ ವಾಪಸ್ ಕೊಟ್ಟಿರಲಿಲ್ಲ. ಹೇಳಿಕಳುಹಿಸಲು ಮುಖವಿರಲಿಲ್ಲವೋ, ನಾಳೆ ನಾಡಿದ್ದು ಎಂದು ಮರೆತರೋ, ಈಗ ಕೇಳಲು ಅಪ್ಪ ಇಲ್ಲ.

ಬಲಗಡೆ ಕಿಂಗ್ ಪಿನ್ ಬುಷ್ ಎಂದು ನಾನು ಹೇಳಿದಾಗ ಅಣ್ಣ ನಕ್ಕರು. "ಗೊತ್ತಿತ್ತಪ್ಪ. ಬಲಕ್ಕೆ ತಿರುಗಿಸಿದ್ರೆ ಒಂದು ತರ ಇರ್ತಿತ್ತು, ಎಡಕ್ಕೆ ತಿರುಗಿಸಿದ್ರೆ ಇನ್ನೊಂದು ತರ. ದಿನಾ ಹಿಡಿಯೋ ಕೈಗೆ ತಿಳಿಯಲ್ವಾ?"

ಲಾಂಕೆನ್‌ಸ್ಪೆರ್ಗರನಿಂದ ಹಿಡಿದು ಇವತ್ತಿನ ಕ್ಯಾಮೆರಾದ ತನಕ ಇನ್ನೂರು ವರ್ಷದಲ್ಲಿ ಚಕ್ರವನ್ನು ಅಳೆಯಲು ಎಷ್ಟೋ ಸಾಧನ ಬಂದಿವೆ. ನಮ್ಮ ಮನೆಯ ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಸರಿಯಾಗಿ ಅಳೆದದ್ದು ಆ ಕೈ. ಸಂಬಳದಲ್ಲಿ ಹಿಡಿದ ಮೊತ್ತ ಎಷ್ಟೆಂದು ಕೇಳಿದೆ. ಅವರು ಹೇಳಲಿಲ್ಲ. "ಬಿಡಪ್ಪ, ಒಂದ್ಸಲ ಮನೆ ಕಡೆ ಬಾ" ಅಂದರು. ಮುಂದಿನ ಯುಗಾದಿಗೆ ಊರಿಗೆ ಹೋದಾಗ ಹೋಗಿ ಬರಬೇಕು, ಬರಿಗೈಲಿ ಅಲ್ಲ.